ಷಡ್ಡಕ ಕೊಂಡ ಸೈಟು

(ದುಡ್ಡಿನ ವಿಷಯದಲ್ಲಿ ಸಲಹೆಗೆ ನನ್ನ ಹತ್ತಿರ ಬಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಫೋನಿನಲ್ಲಿ ಆತ ಹೇಳಿದ್ದು "ಮನೇಲಿ ಜಗಳ ಜಾಸ್ತಿಯಾಗಿದೆ ಮೇಡಂ" ಅಂತ ಅಷ್ಟೇ. ಬಂದು ಕೂತ ಮೇಲೆ ಬ್ಯಾಗಿನಿಂದ ತೆಗೆದದ್ದು ಮಾತ್ರ ಲೇಔಟಿನ ಬಣ್ಣದ ಬ್ರೋಶರ್. ದೊಡ್ಡಬಳ್ಳಾಪುರದ ಕಡೆ 30x40 ಸೈಟು, ಚದರಡಿಗೆ 2,800. ಒಟ್ಟು 33 ಲಕ್ಷ 60 ಸಾವಿರ. ಒಂದು ಲಕ್ಷ ಮುಂಗಡ ಆಗಲೇ ಕ್ಯಾಶ್ ಕೊಟ್ಟಾಗಿತ್ತು, ಅದಕ್ಕೆ ಬಿಳಿ ಹಾಳೆಯ ಮೇಲೆ ಬರೆದ ಒಂದು ರಸೀದಿ.

ಆತನಿಗೆ 36, ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ 82 ಸಾವಿರ ಬರುತ್ತದೆ. ಆಕೆ ಶಾಲೆಯಲ್ಲಿ ಟೀಚರ್, 24 ಸಾವಿರ. ಐದು ವರ್ಷದ ಮಗಳು. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಎಲ್ಲ ಕಳೆದು ತಿಂಗಳಿಗೆ 22 ಸಾವಿರ ಉಳಿಯುತ್ತದೆ. ಇಬ್ಬರೂ ದುಂದುಗಾರರಲ್ಲ. ಎಂಟು ವರ್ಷದಲ್ಲಿ 11 ಲಕ್ಷ ಕೂಡಿಟ್ಟಿದ್ದರು.

ಮಿಕ್ಕ ದುಡ್ಡು ಎಲ್ಲಿಂದ ಅಂತ ಕೇಳಿದೆ. ಊರಲ್ಲಿರುವ ಅಪ್ಪ ನಿವೃತ್ತ ಮೇಷ್ಟ್ರು, ಅವರ ಎಫ್‌ಡಿ 14 ಲಕ್ಷ. ಹೆಂಡತಿಯ ಒಡವೆ ಅಡ ಇಟ್ಟರೆ 5. ರಿಜಿಸ್ಟ್ರೇಷನ್ ಖರ್ಚೂ ಸೇರಿ ಬೀಳುವ ಕೊರತೆಗೆ ಪರ್ಸನಲ್ ಲೋನ್ 6 ಲಕ್ಷ. "ಹೋಮ್ ಲೋನ್ ಯಾಕಿಲ್ಲ?" ಅಂದೆ. "ಈ ಸೈಟಿಗೆ ಬ್ಯಾಂಕಿನವರು ಕೊಡಲ್ವಂತೆ ಮೇಡಂ, ಆದ್ರೆ ಅದೇನು ದೊಡ್ಡ ವಿಷಯ ಅಲ್ಲ ಅಂತ ಬ್ರೋಕರ್ ಅಂದ."

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ವಿಷಯ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ಸಾಲ ಕೊಟ್ಟು ಬಡ್ಡಿ ತಿನ್ನುವುದೇ ಕಸುಬಾಗಿರುವವರು ಬೇಡ ಅನ್ನುತ್ತಿದ್ದಾರೆ ಅಂದರೆ ಸುಮ್ನೆ ಅಲ್ಲ ತಾನೇ?

ಆಕೆ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಒಡವೆ ಎಂದಾಗ ಮಾತ್ರ ಕೈ ಕತ್ತಿನ ಎರಡೆಳೆ ಸರದ ಮೇಲೆ ಹೋಯಿತು. "ಇದನ್ನ ನಮ್ಮಮ್ಮ ಚೀಟಿ ಹಾಕಿ ಮಾಡಿಸಿದ್ದು" ಅಂದರು. ಗಂಡನಿಗಲ್ಲ, ನನಗೆ.

ಕಥೆ ಶುರುವಾದದ್ದು ಷಡ್ಡಕನ ಮನೆಯ ಗೃಹಪ್ರವೇಶದಲ್ಲಿ. ಆಕೆಯ ಅಕ್ಕನ ಗಂಡ 2011ರಲ್ಲಿ 9 ಲಕ್ಷಕ್ಕೆ ಕೊಂಡ ಸೈಟಿಗೆ ಈಗ 60 ಅಂತೆ. ಊಟದ ಪಂಕ್ತಿಯಲ್ಲಿ ಮಾವ ಎಲ್ಲರೆದುರು "ದೊಡ್ಡಳಿಯ ಒಂದು ದಡ ಸೇರಿದ, ಚಿಕ್ಕೋರು ಯಾವಾಗ್ಲೋ" ಅಂದುಬಿಟ್ಟರು. ಅಲ್ಲಿಂದ ಮೂರೇ ವಾರಕ್ಕೆ ಮುಂಗಡ.

9 ಲಕ್ಷ 14 ವರ್ಷದಲ್ಲಿ 60 ಆದರೆ ವರ್ಷಕ್ಕೆ ಹೆಚ್ಚು ಕಡಿಮೆ 14.5 ಶೇಕಡಾ. ಚೆನ್ನಾಗಿಯೇ ಬೆಳೆದಿದೆ, ಇಲ್ಲ ಅನ್ನುವುದಿಲ್ಲ. ಆದರೆ 60 ಅನ್ನುವುದು ಬಾಯಿಮಾತಿನ ರೇಟು, ಯಾರೂ ಇನ್ನೂ ಎಣಿಸಿ ಕೊಟ್ಟಿಲ್ಲ. ಇನ್ನೊಂದು ಪ್ರಶ್ನೆ ಕೇಳಿದೆ: ಅವರು ಸಾಲ ಮಾಡಿದ್ದರಾ? ಇಲ್ಲ, ಊರಿನ ತೆಂಗಿನ ತೋಟದಲ್ಲಿ ಒಂದು ಭಾಗ ಮಾರಿದ್ದರು. ಅದೂ ಪ್ರಾಧಿಕಾರದ ಒಪ್ಪಿಗೆ ಇದ್ದ ಲೇಔಟು. ಇದನ್ನು ಪಂಕ್ತಿಯಲ್ಲಿ ಯಾರೂ ಹೇಳಿರಲಿಲ್ಲ.

"ನಿಮಗೆ ಸೈಟು ಬೇಕಾ, ಮಾವನ ಬಾಯಿ ಮುಚ್ಚಿಸೋದು ಬೇಕಾ?" ಅಂತ ಕೇಳಿದೆ. ಕೇಳಿದ್ದು ಸ್ವಲ್ಪ ಒರಟಾಯಿತು, ಒಪ್ಪುತ್ತೇನೆ. ಆತನಿಗೆ ಸಿಟ್ಟು ಬಂತು. "ನೀವು ಲೇಡೀಸ್ ಎಲ್ಲ ಒಂದೇ" ಅಂತ ಎದ್ದು ನಿಂತ. ಮತ್ತೆ ಕೂತ. ನೀರು ಕುಡಿದ ಮೇಲೆ ಮೆತ್ತಗೆ "ನಾನೊಬ್ನೇ ಇನ್ನೂ ಬಾಡಿಗೆ ಮನೇಲಿ ಇರೋದು ಮೇಡಂ" ಅಂದ.

ಆಮೇಲೆ ಲೆಕ್ಕಕ್ಕೆ ಕೂತೆವು. ಪರ್ಸನಲ್ ಲೋನಿಗೆ 14 ಶೇಕಡಾ ಬಡ್ಡಿಯಂತೆ ಐದು ವರ್ಷ ತಿಂಗಳಿಗೆ 14 ಸಾವಿರ, ಒಡವೆ ಸಾಲದ ಬಡ್ಡಿ ಮತ್ತೊಂದು 4 ಸಾವಿರ. ಉಳಿಯುವ 22ರಲ್ಲಿ 18 ಹೋಯಿತು, ಖಾಲಿ ಸೈಟಿನಿಂದ ಒಂದು ರೂಪಾಯಿ ಬಾಡಿಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ಸೊನ್ನೆ, ಅಪ್ಪನ ಹತ್ತಿರವೂ ಸೊನ್ನೆ, ಅಷ್ಟರಲ್ಲಿ ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆ ಅಂದರೆ ಏನು ಅಂತ ನಾನು ಕೇಳುವ ಮೊದಲೇ ಆಕೆ "ಅತ್ತೆ ಮಂಡಿ ಆಪರೇಷನ್ ಇದೆ" ಅಂದರು. ಅಪ್ಪನಿಗೆ ಎಫ್‌ಡಿಯ ವಿಷಯ ಇನ್ನೂ ಹೇಳೇ ಇರಲಿಲ್ಲ ಅನ್ನುವುದೂ ಆಗಲೇ ಹೊರಬಂತು.

ಕಾಗದಪತ್ರದ ಕಡೆ ನೋಡಿದರೆ ಬ್ರೋಶರಿನಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ನಂಬರೇ ಇರಲಿಲ್ಲ. 500 ಚದರ ಮೀಟರ್ ಮೀರಿದ ಲೇಔಟನ್ನು ರೇರಾದಲ್ಲಿ ನೋಂದಾಯಿಸದೆ ಜಾಹೀರಾತು ಕೂಡ ಮಾಡುವಂತಿಲ್ಲ. ಇವರಿಗೆ ಸಿಕ್ಕ ಉತ್ತರ "ಅಪ್ಲೈ ಮಾಡಿದೀವಿ ಸಾರ್". ಸದ್ಯಕ್ಕೆ ಅಗ್ರಿಮೆಂಟ್ ಮತ್ತು ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ), ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಆದ ಮೇಲೆ ರಿಜಿಸ್ಟ್ರೇಷನ್ ಅಂತ ಮಾತಾಗಿತ್ತು. ಬರೀ ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಾನು ವಕೀಲೆಯಲ್ಲ, ಅದಕ್ಕೆ ಅಲ್ಲಿಗೆ ನಿಲ್ಲಿಸಿ ಒಬ್ಬ ವಕೀಲರ ಹತ್ತಿರ ಕಳಿಸಿದೆ. ಬ್ರೋಕರ್ ಹೇಳಿದ ವಕೀಲರಲ್ಲ, ಇವರೇ ಫೀಸು ಕೊಟ್ಟು ಕೇಳುವ ವಕೀಲರು.

ಅವರು ಹಳೇ ಪಹಣಿ ತೆಗೆಸಿದರು. ಜಮೀನು ಬಂದ ಬಗೆ ಅನ್ನುವಲ್ಲಿ 'ಮಂಜೂರು' ಅಂತಿತ್ತು. ಪರಿಶಿಷ್ಟ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನು. ಅಂಥದ್ದನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಮಾರಿದರೆ ಮೂಲದವರಿಗೆ ವಾಪಸು ಹೋಗುತ್ತದೆ. 1978ರ ಪಿಟಿಸಿಎಲ್ ಕಾಯ್ದೆ ಅದು. ಎಷ್ಟೋ ವರ್ಷದ ಮೇಲೆ ಕೇಸು ಹಾಕಿದರು ಅಂತ ತಳ್ಳಿಹಾಕಬಾರದು ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಸೈಟು ಕೊಳ್ಳುವವರು ಈ ಕಾಯ್ದೆಯನ್ನು ಬೈಯುವುದನ್ನು ಕೇಳಿದ್ದೇನೆ. ಬಡವರ ಜಮೀನನ್ನು ಪುಡಿಗಾಸಿಗೆ ಬರೆಸಿಕೊಂಡವರನ್ನು ಬೈಯುವವರು ಕಡಿಮೆ. ಇಲ್ಲಿ ಅನುಮತಿ ಪತ್ರ ಕೇಳಿದರೆ ಬ್ರೋಕರ್ ಫೋನ್ ಎತ್ತುವುದನ್ನೇ ಬಿಟ್ಟ.

ಎರಡನೇ ಭೇಟಿಯಲ್ಲಿ ಆತ "ಹಾಗಾದ್ರೆ ಫ್ಲಾಟ್ ತಗೊಂಡು ಬಾಡಿಗೆಗೆ ಬಿಡ್ಲಾ?" ಅಂದ. ಸರಿ, ಅದನ್ನೂ ನೋಡೋಣ. ಅವರೇ ನೋಡಿಕೊಂಡು ಬಂದ ಹಳೇ ಫ್ಲಾಟು 48 ಲಕ್ಷ, ಬಾಡಿಗೆ 15 ಸಾವಿರ. ಮೇಂಟೆನೆನ್ಸ್ 2,500, ವರ್ಷಕ್ಕೊಂದು ತಿಂಗಳು ಖಾಲಿ, ಕಂದಾಯ ಎಲ್ಲ ತೆಗೆದರೆ ವರ್ಷಕ್ಕೆ ಉಳಿಯುವುದು 1 ಲಕ್ಷ 30 ಸಾವಿರ. ಹಾಕಿದ ದುಡ್ಡಿಗೆ 3 ಶೇಕಡಾನೂ ಇಲ್ಲ. 36 ಲಕ್ಷ ಸಾಲಕ್ಕೆ ಎಂಟೂವರೆ ಬಡ್ಡಿಯಂತೆ 20 ವರ್ಷ ಇಎಂಐ 31 ಸಾವಿರ. ಹೊಸ ತೆರಿಗೆ ಪದ್ಧತಿಯಲ್ಲಿರುವ ಆತನಿಗೆ ಬಾಡಿಗೆ ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆಯಲೂ ಬರುವುದಿಲ್ಲ. ಕೈಯಿಂದ ಪ್ರತಿ ತಿಂಗಳು 20 ಸಾವಿರದ ಮೇಲೆ ಹೋಗುತ್ತದೆ. ಮೊದಲೇ ಕೊಡಬೇಕಾದ 12 ಲಕ್ಷದ ಜೊತೆ ರಿಜಿಸ್ಟ್ರೇಷನ್ನಿಗೆ ಮೂರೂವರೆ ಲಕ್ಷ ದಾಟುತ್ತದೆ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೇ 1 ಶೇಕಡಾ ಇದ್ದದ್ದು 2 ಆಗಿದೆಯಲ್ಲ.

ನಾನು ಕೊಟ್ಟ ಸಲಹೆ ಇಷ್ಟು. 11 ಲಕ್ಷದಲ್ಲಿ 5 ಲಕ್ಷ ಆರು ತಿಂಗಳ ಮನೆ ಖರ್ಚಿಗೆ, ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ನಿಮ್ಮ ಹತ್ತಿರ ನಿಜಕ್ಕೂ ಇರುವುದು 6 ಲಕ್ಷ ಅಂತ ತಿಳಿಯಿರಿ. ಅಪ್ಪನ ದುಡ್ಡು, ಆಕೆಯ ಅಮ್ಮ ಮಾಡಿಸಿದ ಸರ ನಿಮ್ಮ ಲೆಕ್ಕದಲ್ಲಿ ಬರಬಾರದು. ಈ ತಿಂಗಳಿಂದಲೇ 18 ಸಾವಿರ ಬೇರೆ ಆರ್‌ಡಿಗೆ ಹಾಕಿ, ಇಎಂಐ ಕಟ್ಟಿದ ಹಾಗೆ. ವರ್ಷವಿಡೀ ಒಂದು ತಿಂಗಳೂ ತಪ್ಪದೆ ಕಟ್ಟಲು ಆದರೆ ಆಮೇಲೆ ಸಾಲದ ಮಾತು. ಮೊದಲ ಆಸ್ತಿ ಬ್ಯಾಂಕ್ ಸಾಲ ಕೊಡುವಂಥದ್ದೇ ಆಗಿರಲಿ, ಕೈಯಲ್ಲಿ ಪೂರ್ತಿ ಕ್ಯಾಶ್ ಇದ್ದರೂ ಅಷ್ಟೇ. ಅಲ್ಲಿಯವರೆಗೆ ಭಾನುವಾರ ಇಬ್ಬರೂ ಹೋಗಿ ಸುಮ್ನೆ ಮನೆ ನೋಡಿ, ಮುಂಗಡ ಮಾತ್ರ ಬೇಡ. ಮಾವನ ಮಾತಿಗೆ ಉತ್ತರ ಕೊಡುವ ಕೆಲಸ ಆಕೆಗೆ ಬಿಡಿ, ಅದು ಆಕೆಯ ಅಪ್ಪ.

ಎಂಟು ತಿಂಗಳ ಮೇಲೆ ಬಂದರು. ಮುಂಗಡದಲ್ಲಿ 60 ಸಾವಿರ ವಾಪಸು ಬಂದಿದೆ, ಮಿಕ್ಕ 40 "ಮುಂದಿನ ತಿಂಗಳು" ಅಂತೆ. ಆರ್‌ಡಿ ಒಂದು ತಿಂಗಳು ತಪ್ಪಿತ್ತು, ಮಗಳ ಶಾಲೆ ಫೀಸು. ಹದಿನೇಳು ಫ್ಲಾಟು ನೋಡಿದ್ದಾರೆ. ಆತ ಹೋದಲ್ಲೆಲ್ಲ ಮೊದಲು ಓಸಿ (ಕಟ್ಟಡದಲ್ಲಿ ವಾಸಕ್ಕೆ ಒಪ್ಪಿಗೆ ಕೊಡುವ ಪತ್ರ) ಕೇಳುತ್ತಾನಂತೆ, ಒಬ್ಬ ಓನರ್ "ಮನೆ ನೋಡೋಕೆ ಬಂದ್ರಾ, ತನಿಖೆಗೆ ಬಂದ್ರಾ?" ಅಂತ ರೇಗಿದನಂತೆ. ಒಂದು ಫ್ಲಾಟು ಆತನಿಗೆ ತುಂಬ ಹಿಡಿಸಿತ್ತು, ಕಾಗದಗಳೂ ಸರಿ ಇದ್ದವು. ಬೇಡ ಅಂದದ್ದು ಆಕೆ. ಆತ ಮೇಲೆ ಬಾಲ್ಕನಿ ನೋಡುತ್ತಿದ್ದಾಗ ಆಕೆ ಕೆಳಗೆ ವಾಚ್‌ಮನ್ ಹೆಂಡತಿಯ ಹತ್ತಿರ ಮಾರ್ಚಿನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ನೀರು ಹೊಡೆಸ್ತೀರಿ ಅಂತ ಕೇಳಿಕೊಂಡು ಬಂದಿದ್ದರು.