ಪಿಎಸ್‌ಎ ಏರಿದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ: ಹಾಗಾದರೆ ಏನು?

ನಿಮ್ಮ ತಂದೆಯವರ ಎಂಆರ್‌ಐಯಲ್ಲಿ ಮೂತ್ರಕೋಶಕ್ಕೂ ಮಲಾಶಯಕ್ಕೂ ನಡುವೆ ಹಲವು ಕೋಣೆಗಳ ದೊಡ್ಡ ದ್ರವಗಡ್ಡೆ ಕಂಡಿದೆ, ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನ್) ಏರಿದೆ, ಸೂಜಿ ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಕ್ಕಿಲ್ಲ. ಇದು ಪ್ರಾಸ್ಟೇಟ್ ಸಿಸ್ಟಡೆನೋಮಾ (ದ್ರವ ತುಂಬಿದ ಕೋಣೆಗಳಿರುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಎಂದು ಖಚಿತವೇ ಎಂದು ಕೇಳಿದ್ದೀರಿ. ಖಚಿತವಲ್ಲ, ಆದರೆ ನೀವು ಹೇಳಿದ ಲಕ್ಷಣಗಳು ಅದಕ್ಕೆ ಚೆನ್ನಾಗಿ ಹೊಂದುತ್ತವೆ.

ಪಿಎಸ್‌ಎ ಸಂಖ್ಯೆಯೊಂದನ್ನೇ ನೋಡಿ ಹೆದರಬೇಡಿ. ಈ ಗಡ್ಡೆಯ ಒಳಪದರದಲ್ಲಿ ಇರುವುದು ಪ್ರಾಸ್ಟೇಟ್ ಗ್ರಂಥಿಯ ಜೀವಕೋಶಗಳೇ. ಪಿಎಸ್‌ಎ ತಯಾರಿಸುವುದು ಅವುಗಳ ಸಹಜ ಕೆಲಸ.

ನಿಜವಾದ ತೊಡಕು ಬೇರೆ ಕಡೆ ಇದೆ. ಸೂಜಿಗೆ ಸಿಗುವುದು ಗಡ್ಡೆಯ ಚೂರು ಮಾತ್ರ. ಫಿಲ್ಲೋಡ್ಸ್ ಮಾದರಿಯ ಗಡ್ಡೆಯೂ (ಗ್ರಂಥಿಗಳ ನಡುವಿನ ಆಧಾರ ಅಂಗಾಂಶ ಬೆಳೆದು ಆಗುವ ಅಪರೂಪದ ಗಡ್ಡೆ) ಸ್ಕ್ಯಾನಿನಲ್ಲಿ ಹೀಗೆಯೇ ಕಾಣಬಹುದು, ಅದರ ಸ್ವಭಾವ ಇಷ್ಟು ಸೌಮ್ಯವಲ್ಲ. ಎರಡನ್ನೂ ಬೇರ್ಪಡಿಸುವುದು ಕೋಣೆಗಳ ನಡುವಿನ ಅಂಗಾಂಶ: ಸಿಸ್ಟಡೆನೋಮಾದಲ್ಲಿ ಅದು ನಾರಿನಂತಿದ್ದು ಜೀವಕೋಶಗಳು ವಿರಳ, ಫಿಲ್ಲೋಡ್ಸ್‌ನಲ್ಲಿ ದಟ್ಟ. ಬಯಾಪ್ಸಿ ವರದಿಯಲ್ಲಿ ಈ ಭಾಗದ ವಿವರಣೆ ಇಲ್ಲದಿದ್ದರೆ ದಯವಿಟ್ಟು ಕೇಳಿ ಬರೆಸಿಕೊಳ್ಳಿ. ಸ್ಲೈಡುಗಳನ್ನು ಮೂತ್ರಾಂಗ ರೋಗಗಳಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸುವುದು ಇಂಥ ಅಪರೂಪದ ಗಡ್ಡೆಯಲ್ಲಿ ಅತಿಯಲ್ಲ, ಅಗತ್ಯ ಎಂದೇ ನನ್ನ ಅಭಿಪ್ರಾಯ. ಗಡ್ಡೆಯ ಜೀವಕೋಶಗಳು ಪಿಎಸ್‌ಎ ಇಮ್ಯುನೊ ಬಣ್ಣ (ಅಂಗಾಂಶದಲ್ಲಿ ಪಿಎಸ್‌ಎ ಇದೆಯೇ ಎಂದು ತೋರಿಸುವ ಪ್ರಯೋಗಾಲಯದ ಬಣ್ಣ) ಹಿಡಿದರೆ ಮೂಲ ಪ್ರಾಸ್ಟೇಟ್ ಎನ್ನಬಹುದು. ಪ್ರಾಸ್ಟೇಟ್ ಪಕ್ಕದ ವೀರ್ಯಕೋಶದ (ಸೆಮಿನಲ್ ವೆಸಿಕಲ್ ಎಂಬ ಚೀಲದ) ಗಡ್ಡೆ ಆ ಬಣ್ಣ ಹಿಡಿಯುವುದಿಲ್ಲ.

ಎಂಆರ್‌ಐಯಲ್ಲಿ ಘನ ಭಾಗವಿದೆಯೇ, ಸುತ್ತಲಿನ ಅಂಗಗಳಿಗೆ ನುಗ್ಗಿದೆಯೇ ಎಂಬುದನ್ನೂ ವಿಚಾರಿಸಿ. ಕೊನೆಯ ಮಾತು ಹೇಳುವುದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಇಡೀ ಗಡ್ಡೆಯ ಪರೀಕ್ಷೆಯೇ. ಭಾಗಶಃ ಉಳಿದರೆ ಮರಳಿ ಬೆಳೆಯಬಹುದಾದ್ದರಿಂದ, ಪೂರ್ತಿ ತೆಗೆಯಲು ಸಾಧ್ಯವೇ ಎಂದು ಶಸ್ತ್ರವೈದ್ಯರೊಂದಿಗೆ ಮೊದಲೇ ಮಾತನಾಡಿ. ಈ ನಡುವೆ ಮೂತ್ರ ಪೂರ್ತಿ ಕಟ್ಟಿದರೆ ಅಥವಾ ಚಳಿಜ್ವರ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.