ಮೌತ್‌ಪೀಸ್ ಉಜ್ಜುವ ಮೊದಲು ಕಾರ್ಕ್ ನೋಡಿ

ಪ್ರಶ್ನೆ: ಮದುವೆ, ದೇವಸ್ಥಾನದ ಉತ್ಸವಗಳಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತೇನೆ. ಮೌತ್‌ಪೀಸ್ ಎಬೊನೈಟ್‌ನದು. ಅಂದರೆ ಗಟ್ಟಿ ರಬ್ಬರಿನದು. ಅರ್ಧ ಗಂಟೆಯಲ್ಲಿ ಮೇಲಿನ ಹಲ್ಲು ಜುಮ್ ಅನ್ನುತ್ತದೆ, ಕೆಳತುಟಿಯ ಒಳಗೆ ಗಾಯ ಆಗುತ್ತದೆ. ನೆಕ್‌ಗೆ, ಅಂದರೆ ಮೌತ್‌ಪೀಸ್ ಸಿಕ್ಕಿಸುವ ಬಾಗಿದ ಕೊಳವೆಗೆ, ಹೊಸ ಕಾರ್ಕ್ ಹಾಕಿಸಿದ ಮೇಲೆ ಮೌತ್‌ಪೀಸ್ ನೆಕ್ ಮೇಲೆ ಸರಿಯಾಗಿ ಕೂರುತ್ತಲೂ ಇಲ್ಲ. ಬಾಯಿಗೆ ದಪ್ಪ ಅನಿಸುವ ಕಡೆ, ನೀರು ಹಾಕಿ ಉಜ್ಜುವ ಮರಳುಕಾಗದವಾದ ವಾಟರ್ ಪೇಪರ್‌ನಿಂದ ಉಜ್ಜಿ ತೆಳು ಮಾಡಬಹುದಾ?
— ಓದುಗರು, ಪುತ್ತೂರು

ಉತ್ತರ: ಮಾಡಬಹುದು. ಆದರೆ ನಿಮ್ಮ ತೊಂದರೆ ಶುರುವಾಗಿರುವುದು ಬಾಯಲ್ಲಲ್ಲ, ಕಾರ್ಕ್‌ನಲ್ಲಿ ಅನಿಸುತ್ತದೆ. ಕಾರ್ಕ್ ಬಿಗಿ ಇದ್ದರೆ ಮೌತ್‌ಪೀಸ್ ಬೇಕಾದಷ್ಟು ಒಳಗೆ ಹೋಗುವುದಿಲ್ಲ. ಶ್ರುತಿ ಇಳಿಯುತ್ತದೆ. ಅದನ್ನು ಏರಿಸಲು ನಿಮಗೆ ಗೊತ್ತಿಲ್ಲದೆಯೇ ರೀಡನ್ನು (ಮೌತ್‌ಪೀಸಿಗೆ ಕಟ್ಟಿದ, ಅದುರಿ ನಾದ ಹೊರಡಿಸುವ ತೆಳು ಪಟ್ಟಿ) ಕಚ್ಚಿ ಹಿಡಿಯುತ್ತೀರಿ. ಗಮಕಕ್ಕೆ ದವಡೆ ಆಡಿಸಿದಾಗ ಆ ಕಚ್ಚಿದ ತುಟಿ ಕೆಳಹಲ್ಲಿಗೆ ಉಜ್ಜುತ್ತದೆ. ಗಾಯ ಆಗದೆ ಇರುತ್ತದಾ?

ಮೊದಲು ಕಾರ್ಕ್ ಗ್ರೀಸ್ ಹಚ್ಚಿ ನೋಡಿ. ಆಗದಿದ್ದರೆ ನಯವಾದ ವಾಟರ್ ಪೇಪರಿನ ಪಟ್ಟಿ ಕತ್ತರಿಸಿ, ಶೂ ಪಾಲಿಶ್ ಮಾಡುವ ಹಾಗೆ ಕಾರ್ಕ್ ಸುತ್ತ ಎಳೆದಾಡಿ. ನೆಕ್ ತಿರುಗಿಸುತ್ತಾ ಇರಿ, ಒಂದೇ ಕಡೆ ಸವೆಯಬಾರದು. ನಾಲ್ಕೈದು ಸಲ ಎಳೆದು, ಪುಡಿ ಒರೆಸಿ, ಹಾಕಿ ನೋಡಿ. ಜಾಸ್ತಿ ಸವೆದು ಸಡಿಲವಾದರೆ ಒಂದು ಸುತ್ತು ಕಾಗದ ಸುತ್ತಿ ಆ ದಿನದ ಕಾರ್ಯಕ್ರಮ ಮುಗಿಸಬಹುದು. ಆಮೇಲೆ ಹೊಸ ಕಾರ್ಕ್ ಹಾಕಿಸಲೇಬೇಕು. ಮೌತ್‌ಪೀಸಿನ ತೂತನ್ನು ಮಾತ್ರ ಕೆರೆಯಬೇಡಿ.

ಹಲ್ಲು ಜುಮ್ ಅನ್ನುವುದಕ್ಕೆ ಮದ್ದು, ಮೌತ್‌ಪೀಸಿನಲ್ಲಿ ಹಲ್ಲು ಕೂರುವ ಜಾಗಕ್ಕೆ ಅಂಟಿಸುವ ಪ್ಯಾಚ್. ತೆಳುವಾದದ್ದು ಸುಮಾರು 0.3 ಮಿ.ಮೀ., ದಪ್ಪದ್ದು 0.8 ಮಿ.ಮೀ. ಇರುತ್ತದೆ. ಅದುರುವುದನ್ನು ತಡೆಯಲು ದಪ್ಪದ್ದೇ ಒಳ್ಳೆಯದು. ಆದರೆ ನಿಮಗೆ ಈಗಲೇ ಬಾಯಿ ತುಂಬಿದ ಹಾಗಿದೆ, ತೆಳುವಿನಿಂದಲೇ ಶುರು ಮಾಡಿ. ಹಲ್ಲು ಜಾರುವುದೂ ನಿಲ್ಲುತ್ತದೆ. ರೀಡ್ 3ನೇ ನಂಬರಿನದಾದರೆ ಅದಕ್ಕಿಂತ ಮೆದುವಾದ 2½ ಹಾಕಿ ನೋಡಿ.

ಇನ್ನು ಕುತ್ತಿಗೆಯ ಪಟ್ಟಿ. ಕದ್ರಿ ಗೋಪಾಲನಾಥರು ನೆಲದ ಮೇಲೆ ಕೂತು ಕಛೇರಿ ಮಾಡುತ್ತಿದ್ದರು. ನೀವು ಒಮ್ಮೆ ಕೂತು, ಒಮ್ಮೆ ಮೆರವಣಿಗೆಯಲ್ಲಿ ನಡೆಯುತ್ತಾ ನುಡಿಸುವವರು ಅಲ್ವಾ? ಎರಡಕ್ಕೂ ಪಟ್ಟಿಯ ಉದ್ದ ಬೇರೆ. ತಲೆ ಬಗ್ಗಿಸದೆ ಮೌತ್‌ಪೀಸ್ ತಾನಾಗಿ ಬಾಯಿಗೆ ಬರಬೇಕು.

ಇಷ್ಟೆಲ್ಲ ಆದ ಮೇಲೂ ದಪ್ಪ ಅನಿಸಿದರೆ ಉಜ್ಜಿ. ಪ್ಯಾಚ್ ತೆಗೆದು, ಮೇಲಿನ ಇಳಿಜಾರನ್ನಷ್ಟೇ ಮುಟ್ಟಿ. ತುದಿ, ಪಕ್ಕದ ಅಂಚುಗಳು, ರೀಡ್ ಕೂರುವ ಸಮತಟ್ಟು ಜಾಗಕ್ಕೆ ಟೇಪ್ ಸುತ್ತಿಬಿಡಿ. ಅಲ್ಲಿ ಕೂದಲೆಳೆಯಷ್ಟು ಸವೆದರೂ ನಾದ ಕೆಡುತ್ತದೆ, ರೀಡ್ ಕೀಚಲು ದನಿ ಹೊರಡಿಸುತ್ತದೆ. ತುದಿಯ ಕಡೆಗೆ ಎಬೊನೈಟ್ ತುಂಬ ತೆಳು, ತೂತು ಬಿದ್ದರೆ ಕಥೆ ಮುಗಿಯಿತು. 400ರ ಪೇಪರಿನಿಂದ ಆರಂಭಿಸಿ ಇನ್ನೂ ನಯವಾದ 600, 1000ಕ್ಕೆ ಹೋಗಿ. ನೀರು ಹಾಕಿಯೇ ಉಜ್ಜಿ, ಏಕೆಂದರೆ ಎಬೊನೈಟ್‌ನಲ್ಲಿ ಗಂಧಕ ಇರುತ್ತದೆ, ಒಣ ಪುಡಿ ಮೂಗಿಗೆ ಹೋಗಬಾರದು. ಮೊದಲು ಯಾವುದಾದರೂ ಹಳೆಯ ಪ್ಲಾಸ್ಟಿಕ್ ಮೌತ್‌ಪೀಸ್ ಮೇಲೆ ಕೈ ಪಳಗಿಸಿಕೊಳ್ಳಿ. ಕೊನೆಗೆ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ತಾಗಿದರೆ ಎಬೊನೈಟ್ ಹಸಿರು ತಿರುಗಿ ನಾರುತ್ತದೆ.