ಇನ್ಸುಲಿನ್ ಜೀನ್‌ಗೆ ಸೀಟು ಬೇಡ

ಪ್ರಶ್ನೆ: ಸರ್, ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಟೈಪ್ 1 ಡಯಾಬಿಟಿಸ್‌ನಲ್ಲಿ ಪ್ಯಾಂಕ್ರಿಯಾಸ್ ಒಳಗೆ ಏನಾಗುತ್ತದೆ ಅನ್ನುವುದು ನನ್ನ ವಿಷಯ. ಯಾವ ಜೀನ್ ಯಾವ ಜಾಗದ ಜೀವಕೋಶದಲ್ಲಿ ಚುರುಕಾಗಿದೆ ಅಂತ ತೋರಿಸುವ ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೋಮಿಕ್ಸ್ ಮಾಡಿಸಬೇಕು. ಪ್ಯಾನೆಲ್‌ನಲ್ಲಿ, ಅಂದರೆ ಹುಡುಕಬೇಕಾದ ಜೀನ್‌ಗಳ ಪಟ್ಟಿಯಲ್ಲಿ, 300 ಜೀನ್‌ಗೆ ಜಾಗ ಇದೆ. ಆರ್‌ಎನ್‌ಎ (ಚುರುಕಾದ ಜೀನ್‌ನ ನಕಲು) ಡೇಟಾದಲ್ಲಿ ಅತಿ ಹೆಚ್ಚು ಕಂಡ 300ನ್ನೇ ಹಾಕಿದರೆ ಸಾಕಲ್ವಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಆ ಪಟ್ಟಿಯ ತುದಿಯಲ್ಲಿ ಇರುವುದೆಲ್ಲ ಜೀರ್ಣರಸದ ಎನ್‌ಜೈಮ್ ಜೀನ್‌ಗಳು, ರೈಬೋಸೋಮ್ ಜೀನ್‌ಗಳು, ಆಮೇಲೆ ಇನ್ಸುಲಿನ್. ಈ ವಿಧಾನದಲ್ಲಿ ಒಂದೊಂದು ಆರ್‌ಎನ್‌ಎಯೂ ಮೈಕ್ರೋಸ್ಕೋಪ್ ಕೆಳಗೆ ಒಂದು ಚುಕ್ಕಿಯಾಗಿ ಹೊಳೆಯುತ್ತದೆ, ಎಣಿಸುವುದು ಆ ಚುಕ್ಕಿಗಳನ್ನೇ. ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲಿ ಇನ್ಸುಲಿನ್ ಆರ್‌ಎನ್‌ಎ ಎಷ್ಟು ಕಿಕ್ಕಿರಿದಿರುತ್ತದೆ ಅಂದರೆ ಚುಕ್ಕಿಗಳು ಒಂದರ ಮೇಲೊಂದು ಬಿದ್ದು, ಅದೇ ಕೋಶದ ಬೇರೆ ಜೀನ್‌ಗಳನ್ನೂ ಓದಲಾಗುವುದಿಲ್ಲ. ಬೀಟಾ ಕೋಶ ಗುರುತಿಸಲು ಎಂಎಎಫ್‌ಎ, ಎನ್‌ಕೆಎಕ್ಸ್6-1 ತರಹದ ಮೆಲುದನಿಯ ಜೀನ್‌ಗಳನ್ನು, ಅಂದರೆ ಕಡಿಮೆ ಆರ್‌ಎನ್‌ಎ ಮಾಡುವವನ್ನು ಹಾಕಿ. ಅವು ಕೆಲವೊಮ್ಮೆ ಕೈಕೊಡುತ್ತವೆ, ಅದಕ್ಕೇ ಪ್ರತಿ ಬಗೆಯ ಕೋಶಕ್ಕೂ ಎರಡು ಮೂರು ಜೀನ್ ಇರಲಿ.

ನಿಮ್ಮ ಕತೆಯಲ್ಲಿ ಬೀಟಾ ಕೋಶಗಳ ಮೇಲೆ ದಾಳಿ ಮಾಡುವವರು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು. ಹಾಗಾಗಿ ಅವನ್ನು ಗುರುತಿಸುವ ಸಿಡಿ3ಇ, ಸಿಡಿ8ಎ ಜೀನ್‌ಗಳಿಲ್ಲದ ಪ್ಯಾನೆಲ್ ಎಷ್ಟು ಚೆಂದ ಇದ್ದರೂ ದಂಡ. ಎಕ್ಸ್‌ಐಎಸ್‌ಟಿ ಜೀನ್‌ಗೂ ಒಂದು ಸೀಟು ಕೊಡಿ, ಅದು ಸಾಮಾನ್ಯವಾಗಿ ಹೆಣ್ಣಿನ ಕೋಶದಲ್ಲಿ ಮಾತ್ರ ಕಾಣುತ್ತದೆ, ಗಂಡು ಹೆಣ್ಣಿನ ಸ್ಯಾಂಪಲ್ ಅದಲುಬದಲಾದರೆ ಸಿಕ್ಕಿಬೀಳುತ್ತದೆ. (ನಮ್ಮ ಲ್ಯಾಬಿನಲ್ಲಿ ಹೀಗೇ ಒಮ್ಮೆ ಮಾನ ಉಳಿದಿದೆ!) ಪಿಆರ್‌ಎಸ್‌ಎಸ್1, ಪಿಆರ್‌ಎಸ್‌ಎಸ್2 ತರಹದ ಅವಳಿ ಜೀನ್‌ಗಳನ್ನು ಪ್ರೋಬ್ (ಆರ್‌ಎನ್‌ಎಗೆ ಅಂಟಿ ಅದನ್ನು ತೋರಿಸಿಕೊಡುವ ತುಣುಕು) ಬೇರೆ ಮಾಡುವುದು ಕಷ್ಟ. ತೀರಾ ಗಿಡ್ಡ ಆರ್‌ಎನ್‌ಎಗಳಲ್ಲಿ ಪ್ರೋಬ್ ಕೂರಲು ಜಾಗವೇ ಸಾಲದು.

ಆರ್ಡರ್ ಹಾಕುವ ಮೊದಲು ಒಂದು ಕೆಲಸ ಮಾಡಿ. ಪ್ಯಾಂಕ್ರಿಯಾಸ್‌ನ ಸಿಂಗಲ್ ಸೆಲ್ ಡೇಟಾ (ಒಂದೊಂದು ಕೋಶದ ಆರ್‌ಎನ್‌ಎ ಲೆಕ್ಕ) ಪುಕ್ಕಟೆ ಸಿಗುತ್ತದೆ, ಅದರಲ್ಲಿ ನಿಮ್ಮ 300 ಜೀನ್ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿ, ಮತ್ತೆ ಕ್ಲಸ್ಟರ್ ಮಾಡಿ, ಅಂದರೆ ಒಂದೇ ತರಹದ ಕೋಶಗಳನ್ನು ಗುಂಪು ಮಾಡಿ. ಆಲ್ಫಾ, ಬೀಟಾ ಎಂಬ ಎರಡು ಬಗೆಯ ಕೋಶಗಳು ಒಂದೇ ಗುಂಪಾಗಿ ಬಂದರೆ ಪಟ್ಟಿ ತಿದ್ದಬೇಕು. ಲ್ಯಾಪ್‌ಟಾಪ್‌ನಲ್ಲಿ ಒಂದು ಸಂಜೆಯ ಕೆಲಸ ಅಷ್ಟೇ.

ಪ್ರಶ್ನೆ: ಈಗ 5,000 ಜೀನ್‌ಗಳ ಪ್ಯಾನೆಲ್ ಬಂದಿದೆಯಲ್ಲ, ಅದನ್ನೇ ತಗೊಂಡರೆ ಈ ತಲೆನೋವು ಯಾಕೆ?

ಉತ್ತರ: ದುಡ್ಡಿದ್ದರೆ ತಗೊಳ್ಳಿ, ಆದರೆ ಚುಕ್ಕಿ ಜಾಸ್ತಿಯಾದಷ್ಟೂ ಗದ್ದಲ ಜಾಸ್ತಿ. 2015ರಲ್ಲಿ ಹಾರ್ವರ್ಡ್‌ನವರು ಮರ್‌ಫಿಶ್ ಎಂಬ ಇದೇ ತರಹದ ಚುಕ್ಕಿ ಎಣಿಸುವ ವಿಧಾನ ತೋರಿಸಿದಾಗ, ಜೀನ್ ಗುರುತಿಸುವಾಗಿನ ತಪ್ಪು ತಾನೇ ತಿದ್ದಿಕೊಳ್ಳುವ ಸಂಕೇತದಲ್ಲಿ 140 ಜೀನ್ ಹಿಡಿಸಿದವು. ತಪ್ಪು ಗುರುತಿಸಿದರೆ ಸಾಕು, ತಿದ್ದುವುದು ಬೇಡ ಅಂದಾಗ 1,001. ನಿಮ್ಮ ಪ್ರಶ್ನೆ ಹತ್ತು ಬಗೆಯ ಕೋಶಗಳದ್ದಾದರೆ 300 ಧಾರಾಳ.